ಹಾಜರಿ ಪುಸ್ತಕ

ಬಲಕ್ಕೆ ತಿರುಗುವ ದೀಪ ಹಾಕಿ, ಕಾರು ಅರ್ಧ ತಿರುಗಿದ ಮೇಲೆ ಅನುಸೂಯಾಗೆ ಹಳದಿ ಟೇಪು ಕಾಣಿಸಿತು. ಡ್ರೈಕ್ಲೀನಿಂಗ್ ಅಂಗಡಿಯ ಪಕ್ಕದ ಗಾಜಿನ ಬಾಗಿಲಿಗೆ, ಹದಿನಾಲ್ಕು ತಿಂಗಳಿಂದ ವಾರಕ್ಕೆ ಮೂರು ದಿನ ಅವಳು ತಳ್ಳಿಕೊಂಡು ಒಳಗೆ ಹೋಗುತ್ತಿದ್ದ ಬಾಗಿಲಿಗೆ, ಅಡ್ಡಡ್ಡ ಟೇಪು ಸುತ್ತಿದ್ದರು. ಕಡುನೀಲಿ ಜಾಕೆಟ್ಟಿನ ನಾಲ್ಕೈದು ಜನ ಒಳಗಿನಿಂದ ಡಬ್ಬಗಳನ್ನು ಹೊತ್ತು ತಂದು ಬಿಳಿ ವ್ಯಾನಿಗೆ ತುಂಬುತ್ತಿದ್ದರು. ಕನ್ನಡಕ ತುಂಬಿದ ಶೂ ಡಬ್ಬಗಳು. ಅವುಗಳ ಮೇಲೆ ಪವರಿನ ಅಂಕಿ ಬರೆದವಳು ಅವಳೇ. ಕೊನೆಗೆ ಬಂದ ಟ್ರಾಲಿಯ ಮೇಲೆ, ಎಲ್ಲದರ ತುದಿಯಲ್ಲಿ, ಕಂದು ರಟ್ಟಿನ ಉದ್ದನೆಯ ಪುಸ್ತಕವೊಂದಿತ್ತು. 

ಅದು ಅವಳ ಹಾಜರಿ ಪುಸ್ತಕ.

ಕಾರು ನಿಲ್ಲಿಸುವ ಧೈರ್ಯವಾಗಲಿಲ್ಲ. ನಿಲ್ಲಿಸದೆ ಹೋದರೆ ಅನುಮಾನ ಬಂದೀತು ಎಂಬ ಹೆದರಿಕೆ ಬೇರೆ. ಡೋನಟ್ ಕೊಳ್ಳಲು ಬಂದವಳಂತೆ ಪಕ್ಕದ ಅಂಗಡಿಯ ಮುಂದೆ ಒಂದು ಗಳಿಗೆ ನಿಧಾನಿಸಿ, ಮನಸ್ಸು ಬದಲಾಯಿಸಿದವಳಂತೆ ಮೆಲ್ಲಗೆ ರಸ್ತೆಗೆ ಇಳಿದಳು. ನಾಟಕವನ್ನು ನೋಡುತ್ತಿದ್ದವರು ಯಾರೂ ಇರಲಿಲ್ಲ. ಆ ರಿಚರ್ಡ್‌ಸನ್ ಊರಿನಿಂದ ಪಕ್ಕದೂರು ಪ್ಲೇನೋದ ತನ್ನ ಅಪಾರ್ಟ್‌ಮೆಂಟಿಗೆ ಬರುವಷ್ಟರಲ್ಲಿ ಒಂದು ಸಿಗ್ನಲಿನಲ್ಲಿ ಹಸಿರು ಬಿದ್ದದ್ದೇ ಅವಳಿಗೆ ತಿಳಿಯಲಿಲ್ಲ. ಹಿಂದಿನ ಕಾರಿನವನು ಹಾರ್ನ್ ಹೊಡೆದ. ಪೊಲೀಸರೇ ಬಂದರೆಂದು ಅವಳ ಕಾಲು ಬ್ರೇಕಿನ ಮೇಲೆ ಮರಗಟ್ಟಿ ನಿಂತಿತು.

ಮನೆಗೆ ಬಂದವಳೇ ಗಂಡನ ಆಫೀಸಿಗೆ ಫೋನು ಮಾಡಿದಳು.

"ರೀ, ಕನ್ನಡಕದ ಆಫೀಸಿಗೆ ಬೀಗ ಹಾಕ್ಬಿಟ್ಟಿದಾರೆ. ಸರ್ಕಾರದೋರು ಬಂದು ಎಲ್ಲಾ ತುಂಬ್ಕೊಂಡ್..."

"ಫೋನಲ್ಲಿ ಬೇಡ," ಎಂದ ಪುಟ್ಟಸ್ವಾಮಿ. ಒಂದು ಗಳಿಗೆ ಬಿಟ್ಟು, ಅಕ್ಕಪಕ್ಕದ ಕ್ಯುಬಿಕಲ್ಲಿನವರಿಗೆ ಕೇಳಲೆಂದೇ, "ಯೆಸ್ ಯೆಸ್, ಐ ವಿಲ್ ಬ್ರಿಂಗ್ ಮಿಲ್ಕ್," ಎಂದು ದೊಡ್ಡ ದನಿಯಲ್ಲಿ ಹೇಳಿ ಇಟ್ಟುಬಿಟ್ಟ.

ಸಂಜೆ ನಿಜಕ್ಕೂ ಎರಡು ಕ್ಯಾನು ಹಾಲು ಹಿಡಿದುಕೊಂಡು ಬಂದ. ಫ್ರಿಜ್ಜಿನಲ್ಲಿ ಆಗಲೇ ಒಂದು ಕ್ಯಾನು ತುಂಬ ಹಾಲಿತ್ತು. ಸುಳ್ಳೊಂದು ಬಾಯಿಂದ ಬಿದ್ದರೆ ಅದನ್ನು ಹೇಗಾದರೂ ನಿಜ ಮಾಡಿದ ಮೇಲೆಯೇ ಅವನಿಗೆ ಊಟ ಇಳಿಯುತ್ತಿದ್ದದ್ದು. ಎಂಟು ವರ್ಷದ ಮಗಳು ಶ್ರೇಯಾಳನ್ನು ಟಿವಿಯ ಮುಂದೆ ಕೂರಿಸಿ ಗಂಡ ಹೆಂಡತಿ ಬೆಡ್‌ರೂಮಿನ ಬಾಗಿಲು ಹಾಕಿಕೊಂಡರು.

"ಏನೇನ್ ಬರ್ದಿದೀಯಾ ಅದ್ರಲ್ಲಿ?"

"ಡೇಟು. ಬಂದ ಟೈಮು, ಹೋದ ಟೈಮು. ಸೈನು."

"ಹೆಸರು?"

"ಮೊದಲ್ನೇ ಪುಟದಲ್ಲಿದೆ. ಪೂರ್ತಿ ಹೆಸರು."

"ಅಂದ್ರೆ ನನ್ ಹೆಸ್ರೂ ಅದೆ." ಗಾಬರಿಯಾದರೆ ಅವನ ಬಾಯಿಗೆ ಮಂಡ್ಯ ಬಂದುಬಿಡುತ್ತಿತ್ತು. "ಆ ಆಫೀಸಿನ ಆಯಮ್ಮ ಹೇಳಿದ್ರಾ ಸೈನ್ ಹಾಕು ಅಂತ?"

"ಅವ್ರು ಬೇಡಾನೇ ಅಂದ್ರು. ಬುಕ್ಕು ನಾನೇ ತಗೊಂಡೋಗಿದ್ದು."

"ಏನ್ ಕೆಲ್ಸ ಮಾಡ್ಬುಟ್ಟೆ ಅನೂ..." ಪುಟ್ಟಸ್ವಾಮಿ ಮಂಚದ ಅಂಚಿನಲ್ಲಿ ಕುಳಿತು ಎರಡೂ ಕೈಯಿಂದ ತಲೆ ಹಿಡಿದುಕೊಂಡ.

ಅವನು ಹೆದರಿದ್ದಕ್ಕೆ ಕಾರಣವಿತ್ತು. ಅದು ಎರಡು ಸಾವಿರದ ಎರಡನೆಯ ಇಸವಿಯ ಫೆಬ್ರವರಿ. ನ್ಯೂಯಾರ್ಕಿನ ಜೋಡಿ ಗೋಪುರಗಳು ಬಿದ್ದು ಐದು ತಿಂಗಳಾಗಿತ್ತು. ಕಂದು ಮೈಬಣ್ಣದವರೆಲ್ಲ ಕಾರಿನ ಹಿಂದೆ ಅಮೆರಿಕದ ಬಾವುಟ ಅಂಟಿಸಿಕೊಂಡು ಓಡಾಡುತ್ತಿದ್ದರು; ಪುಟ್ಟಸ್ವಾಮಿ ಮುಂದೊಂದು ಹಿಂದೊಂದು ಅಂಟಿಸಿದ್ದ. ಭಯೋತ್ಪಾದಕರಿಗೆ ಹಣ ಹೋಗುತ್ತದೆಂಬ ಅನುಮಾನದ ಮೇಲೆ ಅರಬ್ಬರ ಸಹಾಯ ಸಂಸ್ಥೆಗಳಿಗೆ ಒಂದೊಂದಾಗಿ ಬೀಗ ಬೀಳುತ್ತಿತ್ತು. ಅವನ ಟೆಲಿಕಾಂ ಕಂಪನಿಯಲ್ಲಿ ವಾರಕ್ಕೊಂದು ಸಾಲು ಕುರ್ಚಿ ಖಾಲಿಯಾಗುತ್ತಿತ್ತು. ಗ್ರೀನ್ ಕಾರ್ಡಿನ ಅರ್ಜಿ ನಾಲ್ಕನೇ ವರ್ಷಕ್ಕೆ ಕಾಲಿಟ್ಟಿತ್ತು. ಅವನ ವೀಸಾದ ಮೇಲೆ ಬಂದ ಹೆಂಡತಿ ಈ ದೇಶದಲ್ಲಿ ಅಡುಗೆ ಮಾಡಬಹುದು, ಕಾರು ಓಡಿಸಬಹುದು, ಮಗುವನ್ನು ಈಜು ಕಲಿಯಲು ಕರೆದೊಯ್ಯಬಹುದು. ನೌಕರಿ ಮಾತ್ರ ಮಾಡುವಂತಿಲ್ಲ. ಮಾಡಿದಳೆಂದು ಗೊತ್ತಾದರೆ ಅವಳ ವೀಸಾ ಹೋಗುತ್ತದೆ, ಅದರ ಜೊತೆಗೆ ಅರ್ಜಿಯೂ. ಪುಕ್ಕಟೆ ಸೇವೆಗೆ ಅಡ್ಡಿಯಿರಲಿಲ್ಲ. ಆದರೆ ದಿನ ತಪ್ಪದೆ ಬಂದ ವೇಳೆ ಹೋದ ವೇಳೆ ಬರೆದು ರುಜು ಹಾಕಿದ ಪುಸ್ತಕ ಎದುರಿಗಿರುವಾಗ ಅದು ಪುಕ್ಕಟೆ ಎಂದರೆ ಯಾರು ನಂಬುತ್ತಾರೆ? ಸಂಬಳ ಪಡೆಯಲಿಲ್ಲ ಎನ್ನುವುದಕ್ಕೆ ರಸೀತಿ ಎಲ್ಲಿಂದ ತರುವುದು?

ಅನುಸೂಯಾ ಅರಸೀಕೆರೆಯ ಸರ್ಕಾರಿ ಆಸ್ಪತ್ರೆಯಲ್ಲಿ ಹನ್ನೆರಡು ವರ್ಷ ನೇತ್ರ ಸಹಾಯಕಿಯಾಗಿದ್ದವಳು. ಕಣ್ಣು ಪರೀಕ್ಷಿಸಿ ಚೀಟಿ ಬರೆಯುವುದು, ಶಾಲೆಯ ಕೊಠಡಿಗಳಲ್ಲಿ ಕಣ್ಣಿನ ಕ್ಯಾಂಪು ನಡೆದಾಗ ಮುದುಕ ಮುದುಕಿಯರನ್ನು ಸಾಲಾಗಿ ಕೂರಿಸಿ ಹನಿ ಹಾಕುವುದು ಅವಳ ಕೆಲಸ. ರಾಜೀನಾಮೆ ಕೊಟ್ಟು ಇಲ್ಲಿಗೆ ಬಂದ ಮೇಲೆ ಮೊದಲ ವರ್ಷ ಅವಳು ಮಾಡಿದ್ದು ಪಾತ್ರೆ ತೊಳೆಯುವ ಯಂತ್ರಕ್ಕೆ ಪಾತ್ರೆ ಜೋಡಿಸಿದ್ದು, ಮತ್ತೆ ತೆಗೆದದ್ದು. ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಮನೆಯ ಮೌನ ಕಿವಿಗೆ ಚುಚ್ಚುತ್ತಿತ್ತು. ಶ್ರೇಯಾಗೆ ಕನ್ನಡಕ ಕೊಡಿಸಲು ಮಾಲಿನ ಅಂಗಡಿಗೆ ಹೋದಾಗ ಅಲ್ಲಿ ಹಳೆಯ ಕನ್ನಡಕಗಳನ್ನು ಹಾಕುವ ಬುಟ್ಟಿಯಿತ್ತು. ತಲೆಗೆ ಬಿಳಿ ಸ್ಕಾರ್ಫು ಕಟ್ಟಿದ, ಅರವತ್ತರ ಹೆಂಗಸೊಬ್ಬರು ಅದನ್ನು ಚೀಲಕ್ಕೆ ಸುರಿದುಕೊಳ್ಳುತ್ತಿದ್ದರು. ಯಾರಿಗೆ ಎಂದು ಅನುಸೂಯಾ ಕೇಳಿದಳು.

"ಕ್ಯಾಂಪಿನವರಿಗೆ."

ಕ್ಯಾಂಪು ಅಂದರೆ ಅವಳಿಗೆ ಗೊತ್ತಿದ್ದದ್ದೇ. "ಎಷ್ಟು ದಿನದ ಕ್ಯಾಂಪು?" ಎಂದಳು.

"ಐವತ್ತೆರಡು ವರ್ಷದ್ದು," ಎಂದರು ಆಕೆ. ಹೆಸರು ಸುಹೈಲಾ.

ಪ್ಯಾಲೆಸ್ಟೈನಿನ ತಮ್ಮ ಊರು ಬಿಟ್ಟಾಗ ಅವರಿಗೆ ಏಳು ವರ್ಷ. ತಾಯಿಯ ಕೈ ಹಿಡಿದು ಲೆಬನಾನಿಗೆ ನಡೆದು ಬಂದು ಡೇರೆಯಲ್ಲಿ ಮಲಗಿದ್ದರಂತೆ. ಡೇರೆ ಹೋಗಿ ತಗಡು ಬಂತು, ತಗಡು ಹೋಗಿ ಸಿಮೆಂಟು ಬಂತು, ಕ್ಯಾಂಪು ಮಾತ್ರ ಕ್ಯಾಂಪಾಗಿಯೇ ಉಳಿಯಿತು. ತಮ್ಮನ ಮೊಮ್ಮಕ್ಕಳು ಹುಟ್ಟಿದ್ದೂ ಅಲ್ಲಿಯೇ; ಸುಹೈಲಾ ಮಾತ್ರ ಮಗನ ಜೊತೆ ಅಮೆರಿಕಕ್ಕೆ ಬಂದಿದ್ದರು. ಆ ತಮ್ಮ ಎಂಜಿನಿಯರಿಂಗ್ ಓದಿದವನು. ನಿರಾಶ್ರಿತರು ಆ ಕೆಲಸ ಮಾಡಲು ಅಲ್ಲಿನ ಕಾನೂನು ಬಿಡುವುದಿಲ್ಲವಾದ್ದರಿಂದ ಸ್ಟವ್ ರಿಪೇರಿ ಮಾಡುತ್ತಿದ್ದಾನೆ ಎಂದರು.  ಅನುಸೂಯಾ ಬುಟ್ಟಿಯಿಂದ ಒಂದು ಕನ್ನಡಕ ಎತ್ತಿಕೊಂಡು, ಅದರೊಳಗಿಂದ ಎದುರಿನ ಬಾಗಿಲಿನ ಚೌಕಟ್ಟನ್ನು ನೋಡುತ್ತಾ ಅತ್ತಿತ್ತ ಅಲ್ಲಾಡಿಸಿದಳು. ಗೆರೆ ಎದುರು ದಿಕ್ಕಿಗೆ ಓಡಿದರೆ ಪ್ಲಸ್, ಜೊತೆಗೇ ಓಡಿದರೆ ಮೈನಸ್. "ಇದು ಪ್ಲಸ್ ಎರಡೂವರೆ ಹತ್ತಿರ," ಎಂದಳು. ಸುಹೈಲಾ ಚೀಲವನ್ನು ನೆಲಕ್ಕಿಟ್ಟು ಅವಳ ಎರಡೂ ಕೈ ಹಿಡಿದುಕೊಂಡುಬಿಟ್ಟರು. ಅಲ್ಲಿಯವರೆಗೆ ಅವರು ಕನ್ನಡಕಗಳನ್ನು ದೊಡ್ಡದು ಚಿಕ್ಕದು ಎಂದು ಮಾತ್ರ ವಿಂಗಡಿಸಿ ಕಳಿಸುತ್ತಿದ್ದರು.

ಹೀಗೆ ಶುರುವಾಯಿತು. ಕ್ಯಾಂಪಿನ ಆಸ್ಪತ್ರೆಗೆ ವಾರಕ್ಕೊಮ್ಮೆ ಕಣ್ಣಿನ ಡಾಕ್ಟರು ಬಂದು, ಒಂದು ಬೆಳಗಿನಲ್ಲಿ ನೂರು ಜನರನ್ನು ನೋಡಿ ಚೀಟಿ ಬರೆದುಕೊಟ್ಟು ಹೋಗುತ್ತಿದ್ದರು. ಚೀಟಿ ಸಿಗುತ್ತಿತ್ತು, ಕನ್ನಡಕ ಸಿಗುತ್ತಿರಲಿಲ್ಲ. ಆ ಚೀಟಿಗಳು ಫ್ಯಾಕ್ಸಿನಲ್ಲಿ ರಿಚರ್ಡ್‌ಸನ್ನಿಗೆ ಬರುತ್ತಿದ್ದವು. ಅನುಸೂಯಾ ರಾಶಿಯಲ್ಲಿದ್ದ ಒಂದೊಂದು ಕನ್ನಡಕದ ಪವರು ನೋಡಿ, ಚೀಟಿಗೆ ಹೊಂದುವುದನ್ನು ಹುಡುಕಿ, ಲಕೋಟೆಗೆ ಹಾಕಿ ಹೆಸರು ಬರೆಯುತ್ತಿದ್ದಳು. ಇಂತಿಸಾರ್, ಐವತ್ತೆಂಟು ವರ್ಷ, ಕಸೂತಿ ಕೆಲಸ, ಪ್ಲಸ್ ಮೂರು. ಮೂರು ತಿಂಗಳಾದ ಮೇಲೆ ಆಕೆಯಿಂದ ಕಾಗದ ಬಂತು. ಸುಹೈಲಾ ಓದಿ ಹೇಳಿದರು: "ಈಗ ಬೇಳೆಯಲ್ಲಿ ಕಲ್ಲು ಕಾಣಿಸುತ್ತದೆ, ದೇವರು ನಿಮ್ಮ ಕಣ್ಣು ಕಾಯಲಿ." ಅನುಸೂಯಾ ಅಂದು ಮನೆಗೆ ಬಂದು ತೊಗರಿಬೇಳೆ ಆರಿಸುತ್ತಾ ತುಂಬ ಹೊತ್ತು ಅತ್ತಿದ್ದಳು. ಅಂಗಡಿಯ ಬೇಳೆಯಲ್ಲಿ ಒಂದೂ ಕಲ್ಲಿರಲಿಲ್ಲ.

ಮೊದಲ ದಿನ ಹತ್ತು ಗಂಟೆಗೆ ಸರಿಯಾಗಿ ಹೋಗಿ, "ಸೈನ್ ಎಲ್ಲಿ ಹಾಕಬೇಕು?" ಎಂದು ಕೇಳಿದ್ದಳು. ಸುಹೈಲಾ ನಕ್ಕು, ಇಲ್ಲಿ ಅದೆಲ್ಲ ಇಲ್ಲ ಎಂದರು. ಅನುಸೂಯಾಗೆ ಸಮಾಧಾನವಾಗಲಿಲ್ಲ. ಹನ್ನೆರಡು ವರ್ಷ ರುಜು ಹಾಕಿದ ಮೇಲೆಯೇ ಅವಳ ಕೈ ಕೆಲಸಕ್ಕೆ ಏಳುತ್ತಿದ್ದದ್ದು. ಮಾರನೇ ವಾರ ತಾನೇ ಉದ್ದನೆಯ ಪುಸ್ತಕ ಕೊಂಡು, ಸ್ಕೇಲಿಟ್ಟು ಗೆರೆ ಎಳೆದು, ಕಾಲಂ ಮಾಡಿ, ಬಾಗಿಲ ಪಕ್ಕದ ಮೇಜಿನ ಮೇಲೆ ಇಟ್ಟಳು. ಶ್ರೇಯಾಗೆ ಜ್ವರ ಬಂದ ದಿನ ಅದರಲ್ಲಿ ಕೆಂಪು ಇಂಕಿನಿಂದ ಸಿ.ಎಲ್. ಎಂದು ಬರೆದಳು. ಸರ್ಕಾರಿ ಲೆಕ್ಕದಂತೆ ವರ್ಷಕ್ಕೆ ಹದಿನೈದು ಸಾಂದರ್ಭಿಕ ರಜೆಯನ್ನು ತನಗೆ ತಾನೇ ಮಂಜೂರು ಮಾಡಿಕೊಂಡು, ಹನ್ನೊಂದನ್ನು ಮಾತ್ರ ಬಳಸಿದ್ದಳು. ಉಳಿದ ನಾಲ್ಕರ ಬಗ್ಗೆ ಅವಳಿಗೆ ಗುಟ್ಟಾಗಿ ಹೆಮ್ಮೆಯಿತ್ತು.

ಶನಿವಾರ ಇಬ್ಬರೂ ಪಕ್ಕದೂರು ಫ್ರಿಸ್ಕೋಗೆ ಹೋದರು. ಅಲ್ಲಿ ಹೊಸ ಮನೆ ಕಟ್ಟಿಸಿದ್ದ ವೆಂಕಟಗಿರಿ ಕನ್ನಡದವರ ಪಾಲಿಗೆ ವೀಸಾ ವಿಷಯದಲ್ಲಿ ಅರ್ಧ ಲಾಯರು. ಲಿವಿಂಗ್ ರೂಮಿನಲ್ಲಿ ಬೇಡವೆಂದು ಅವನು ಅವರನ್ನು ಗ್ಯಾರೇಜಿಗೆ ಕರೆದುಕೊಂಡು ಹೋಗಿ, ಬಾಗಿಲು ಇಳಿಸಿ, ಹುಲ್ಲು ಕತ್ತರಿಸುವ ಯಂತ್ರದ ಪಕ್ಕ ನಿಲ್ಲಿಸಿಕೊಂಡು ಎಲ್ಲ ಕೇಳಿಸಿಕೊಂಡ.

"ನೋಡಿ ಅನುಸೂಯಾ ಅವ್ರೇ, ಬಂದೇ ಬರ್ತಾರೆ. ಎರಡು ಮೂರು ಸಲ ಹೋಗಿದ್ದೆ, ಹಳೇ ಬಟ್ಟೆ ಕೊಡಕ್ಕೆ ಅನ್ನಿ. ಅಷ್ಟೇ. ಸೈನು ಕನ್ನಡದಲ್ಲಿದ್ಯಾ?"

"ಹೂಂ."

"ಒಳ್ಳೇದೇ ಆಯ್ತು. ನಂದಲ್ಲ ಅಂದ್ಬಿಡಿ. ನನ್ ಹೆಸ್ರಲ್ಲಿ ಯಾರು ಹಾಕಿದಾರೋ ಗೊತ್ತಿಲ್ಲ ಅನ್ನಿ. ಅವ್ರೇನು ಕನ್ನಡ ಪಂಡಿತ್ರನ್ನ ಕರ್ಸ್ತಾರಾ?" ಆಮೇಲೆ ಪುಟ್ಟಸ್ವಾಮಿಯ ಭುಜ ಹಿಡಿದು, "ನೀನು ಮಾತ್ರ ಏನಾದ್ರೂ ಆಗ್ಲಿ, ನಂಗೇನೂ ಗೊತ್ತಿರ್ಲಿಲ್ಲ ಅಂತ್ಲೇ ಹೇಳ್ಬೇಕು. ಅರ್ಜಿ ನಿಂದು. ನೀನು ಕ್ಲೀನಾಗಿದ್ರೆ ಲಾಯರ್ ಏನಾದ್ರೂ ಮಾಡ್ಬೋದು," ಎಂದ.

ಪುಟ್ಟಸ್ವಾಮಿ ತಲೆಯಾಡಿಸಿದ. ಅವರು ಹೊರಡುವಾಗ ವೆಂಕಟಗಿರಿ ಕಾರಿನ ಕಿಟಕಿಗೆ ಬಗ್ಗಿ, "ಅಂದ್ಹಾಗೆ, ಸ್ವಲ್ಪ ದಿನ ನಮ್ಮನೆಗೆ ಫೋನ್ ಗೀನ್ ಮಾಡ್ಬೇಡಿ. ತಪ್ಪು ತಿಳ್ಕೊಬೇಡಿ," ಎಂದ. 

ಅಂದಿನಿಂದ ಮನೆಯಲ್ಲಿ ಅಭ್ಯಾಸ ನಡೆಯಿತು. ಊಟದ ಮೇಜಿನ ಆ ಕಡೆ ಪುಟ್ಟಸ್ವಾಮಿ ಅಧಿಕಾರಿಯಾಗಿ ಕೂರುವುದು, ಈ ಕಡೆ ಅನುಸೂಯಾ. ಎಷ್ಟು ಸಲ ಹೋಗಿದ್ದೆ? ಟೂ ತ್ರೀ ಟೈಮ್ಸ್. ಯಾತಕ್ಕೆ? ಓಲ್ಡ್ ಕ್ಲೋತ್ಸ್. ಅಕ್ಕಿ ತೊಳೆಯುವಾಗಲೂ ಅವಳ ತುಟಿ ಅದನ್ನೇ ಪಿಟಿಪಿಟಿ ಎನ್ನುತ್ತಿತ್ತು. ಶ್ರೇಯಾ ಬಂದು ಸೆರಗು ಜಗ್ಗಿ, "ಅಮ್ಮಾ, ಡಿಡ್ ಯು ಡೂ ಸಮ್‌ಥಿಂಗ್ ಬ್ಯಾಡ್?" ಎಂದು ಕೇಳಿದಳು.

"ಇಲ್ಲ ಪುಟ್ಟ."

"ದೆನ್ ವೈ ಆರ್ ಯು ಪ್ರಾಕ್ಟೀಸಿಂಗ್?"

ಅನುಸೂಯಾ ಅವಳನ್ನು ಹೋಂವರ್ಕಿಗೆ ಅಟ್ಟಿದಳು.

ಮಂಗಳವಾರ ಸಂಜೆ ಬಾಗಿಲು ಬಡಿದ ಸದ್ದಾಯಿತು. ಪುಟ್ಟಸ್ವಾಮಿ ತುತ್ತು ಬಾಯಲ್ಲಿಟ್ಟುಕೊಂಡೇ ಕಲ್ಲಾದ. ಇನ್ನೊಮ್ಮೆ ಬಡಿದರು. ಇಬ್ಬರೂ ಏಳದೆ ಇದ್ದುದನ್ನು ಕಂಡು ಶ್ರೇಯಾ ತಾನೇ ಓಡಿಹೋಗಿ ತೆಗೆದಳು. ಬೆನ್ನಿಗೆ ಡಬ್ಬ ಕಟ್ಟಿಕೊಂಡವನೊಬ್ಬ ಜಿರಲೆ ಔಷಧಿ ಹೊಡೆಯಲು ಬಂದಿದ್ದ. ಅವನು ಸಿಂಕಿನ ಕೆಳಗೆ, ಫ್ರಿಜ್ಜಿನ ಹಿಂದೆ ಹೊಡೆದು ಹೋಗುವವರೆಗೆ ಪುಟ್ಟಸ್ವಾಮಿ "ಥ್ಯಾಂಕ್ಯೂ ಸರ್, ಥ್ಯಾಂಕ್ಯೂ ಸರ್," ಎನ್ನುತ್ತಲೇ ಇದ್ದ. ಅವನು ಹೋದ ಮೇಲೆ ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡ. ಬಾಗಿಲ ಹೊರಗೆ ನೀರಿನ ಲೋಟ ಹಿಡಿದು ನಿಂತ ಅನುಸೂಯಾಗೆ ತನ್ನ ಮೇಲೆಯೇ ಅಸಹ್ಯವಾಯಿತು. ಒಂದು ಪುಸ್ತಕ ಕೊಂಡು ಗೆರೆ ಎಳೆದದ್ದಕ್ಕೆ ಈ ಮನುಷ್ಯನ ಇಡೀ ಬದುಕು ಹೀಗೆ ಬಚ್ಚಲಿನಲ್ಲಿ ಬಗ್ಗಿ ನಿಲ್ಲಬೇಕಾಯಿತಲ್ಲ ಎಂದು ಸಂಕಟಪಟ್ಟಳು.

ಬುಧವಾರ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಆನ್ಸರಿಂಗ್ ಮೆಷಿನ್ನಿನ ಕೆಂಪು ದೀಪ ಮಿಣುಕುತ್ತಿತ್ತು. ಸುಹೈಲಾ ಅವರ ದನಿ. ನಿಧಾನವಾದ, ಮೇಷ್ಟರ ಇಂಗ್ಲಿಷು.

"ಬಿನ್ತಿ," ಎಂದು ಶುರು ಮಾಡಿದ್ದರು. ಅವರ ಭಾಷೆಯಲ್ಲಿ ಮಗಳೇ ಎಂದು ಅರ್ಥ. ಅವಳನ್ನು ಅವರು ಕರೆಯುತ್ತಿದ್ದದ್ದೇ ಹಾಗೆ. "ನಾನು ಚೆನ್ನಾಗಿದ್ದೇನೆ. ಎರಡು ಸಲ ಕರೆಸಿ ಕೇಳಿದರು. ಪುಸ್ತಕದಲ್ಲಿರುವವಳು ಯಾರು ಅಂದರು. ನನ್ನ ಸ್ನೇಹಿತೆ, ಒಂದು ಕಾಸೂ ತೆಗೆದುಕೊಳ್ಳದೆ ಬಂದು ಕನ್ನಡಕದ ಪವರು ನೋಡುತ್ತಿದ್ದಳು, ಪುಸ್ತಕ ಅವಳದ್ದೇ ಎಂದೆ. ಬರೆದುಕೊಂಡು ನನ್ನ ರುಜು ಪಡೆದರು. ನಿನ್ನ ಮನೆಗೂ ಬರಬಹುದು. ಕ್ಷಮಿಸು. ಹೆದರಬೇಡ."

ಸಂಜೆ ಪುಟ್ಟಸ್ವಾಮಿ ಅದನ್ನು ಮೂರು ಸಲ ಹಾಕಿಸಿಕೊಂಡು ಕೇಳಿದ. ಅಳಿಸಿದರೆ ಸಾಕ್ಷಿ ನಾಶವಾಗುತ್ತದೋ, ಇಟ್ಟುಕೊಂಡರೆ ಸಾಕ್ಷಿಯಾಗುತ್ತದೋ ತಿಳಿಯದೆ ಬೆರಳನ್ನು ಗುಂಡಿಯ ಮೇಲಿಟ್ಟು ಹಾಗೇ ಕುಳಿತಿದ್ದ.

"ರೀ, ನಾನು ನಂದಲ್ಲ ಅಂದ್ರೆ ಅವ್ರು ಸುಳ್ಳು ಹೇಳಿದ ಹಾಗಾಗುತ್ತೆ. ಬರ್ದು ಸೈನ್ ಹಾಕಿದಾರಂತೆ."

"ಹಂಗಂತ?"

"ಸರ್ಕಾರದೋರ ಹತ್ರ ಸುಳ್ಳು ಹೇಳಿದ್ರೆ ಜೈಲು ಅಂತ ನೀವೇ ಹೇಳಿದ್ರಿ."

"ಅವ್ರಿಗೆ ಮಗ ಅವ್ನೆ. ಲಾಯರ್ ಇಟ್ಕೋತಾನೆ. ನಮ್ಗ್ಯಾರವ್ರೆ ಇಲ್ಲಿ?" ಎಂದ ಪುಟ್ಟಸ್ವಾಮಿ. ಆಮೇಲೆ ಅವಳ ಮುಖ ನೋಡದೆ, "ಟೂ ತ್ರೀ ಟೈಮ್ಸ್. ಓಲ್ಡ್ ಕ್ಲೋತ್ಸ್. ಅಷ್ಟೇ ಅನೂ. ಬೇರೆ ಏನೂ ಯೋಚ್ನೆ ಮಾಡ್ಬೇಡ," ಎಂದ.

ಅವಳಿಗೆ ಯೋಚನೆ ಬಂದೇ ಬಂತು. ತನ್ನನ್ನು ಈ ದೇಶದಿಂದ ಕಳಿಸಿದರೆ ಅರಸೀಕೆರೆಗೆ ಕಳಿಸುತ್ತಾರೆ. ಅಲ್ಲಿ ಅಣ್ಣನ ಮನೆಯಿದೆ, ನಾಚಿಕೆಯಾಗುತ್ತದೆ, ನಾಲ್ಕು ದಿನ ಜನ ಆಡಿಕೊಳ್ಳುತ್ತಾರೆ, ಆಮೇಲೆ ಬದುಕು ನಡೆಯುತ್ತದೆ. ಸುಹೈಲಾ ಅವರನ್ನು ಕಳಿಸಿದರೆ ಎಲ್ಲಿಗೆ ಕಳಿಸುತ್ತಾರೆ? ಬಿಟ್ಟು ಬಂದ ಊರಿಗೆ ಹೋಗುವಂತಿಲ್ಲ. ಉಳಿದಿರುವುದು ಆ ಕ್ಯಾಂಪು. ಇದನ್ನು ಗಂಡನಿಗೆ ಹೇಳಬೇಕೆಂದುಕೊಂಡಳು. ಅವನು ಬೆನ್ನು ಮಾಡಿ ಮಲಗಿದ್ದ. ನಿದ್ದೆ ಬಂದಿರಲಿಲ್ಲ ಎಂದು ಉಸಿರಿನಲ್ಲೇ ಗೊತ್ತಾಗುತ್ತಿತ್ತು. ಅವಳೂ ಗೋಡೆಯ ಕಡೆ ತಿರುಗಿ ಮಲಗಿದಳು.

ಗುರುವಾರ ಬೆಳಿಗ್ಗೆ ಸರ್ಕಾರದ ತನಿಖೆಯವರ ಫೋನು ಬಂತು. ಮಧ್ಯಾಹ್ನ ಎರಡಕ್ಕೆ ಬರುತ್ತೇವೆ, ತೊಂದರೆಯಿಲ್ಲ ತಾನೆ ಎಂದು ಒಬ್ಬ ಹೆಂಗಸು ವಿನಯವಾಗಿ ಕೇಳಿದಳು. ಪುಟ್ಟಸ್ವಾಮಿ ಹೊಟ್ಟೆನೋವೆಂದು ಹೇಳಿ ಮನೆಗೆ ಓಡಿ ಬಂದ. ಹೊಟ್ಟೆನೋವು ನಿಜವಾಗಿಯೂ ಇತ್ತು.

ಇಬ್ಬರು ಬಂದರು. ನರೆತ ಕೂದಲಿನ ಎತ್ತರದ ಗಂಡಸು, ನೋಟ್‌ಪ್ಯಾಡ್ ಹಿಡಿದ ಕಿರಿಯ ಹೆಂಗಸು. ಶೂ ಬಿಚ್ಚಬೇಕೇ ಎಂದು ಅವನು ಕೇಳಿದ. ಬೇಡ ಬೇಡ ಎಂದು ಪುಟ್ಟಸ್ವಾಮಿ ಎರಡೂ ಕೈ ಆಡಿಸಿದ. ಮನೆಗೆ ಬಂದವರನ್ನು ಬರಿಗಂಟಲಲ್ಲಿ ಕೂರಿಸಿ ಗೊತ್ತಿಲ್ಲದ ಅನುಸೂಯಾ ಕಾಫಿ ಎಂದಳು. ಅವರು ನೀರು ಸಾಕೆಂದರು. ಲೋಟ ಇಡುವಾಗ ಮೇಜಿನ ಮೇಲೆ ನೀರು ಚೆಲ್ಲಿತು. ಅವಳು ಒರೆಸುವವರೆಗೆ ಅವರು ಸುಮ್ಮನೆ ಕಾದರು. ಹೆಸರು, ಊರು, ಬಂದ ದಿನ ಎಲ್ಲ ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿ ಬರೆದುಕೊಂಡರು. ಆಮೇಲೆ ಗಂಡಸು ಚರ್ಮದ ಚೀಲದಿಂದ ಒಂದು ಹಾಳೆ ತೆಗೆದ. ಅವಳ ಪುಸ್ತಕದ ಬಣ್ಣದ ಜೆರಾಕ್ಸು. ಓದಲೆಂದು ಅದನ್ನು ಕೈಯಷ್ಟು ದೂರ ಹಿಡಿದು, ಇನ್ನೂ ಸ್ವಲ್ಪ ಹಿಂದೆ ಸರಿಸಿದ. ಪ್ಲಸ್ ಒಂದೂವರೆ, ಎಂದುಕೊಂಡಿತು ಅವಳ ಮನಸ್ಸು, ಅಷ್ಟು ಹೆದರಿಕೆಯ ನಡುವೆಯೂ.

"ಇದು ನಿಮ್ಮ ಸಹಿಯೇ?"

ಹೋದ ಸೆಪ್ಟೆಂಬರಿನ ಪುಟ. ಗೋಪುರ ಬಿದ್ದ ಮೂರನೇ ದಿನ ಹೆದರಿಕೊಂಡೇ ಹೋಗಿದ್ದಳು. ಒಳಗಿನಿಂದ ಚಿಲಕ ಹಾಕಿಕೊಂಡು ಅವಳೂ ಸುಹೈಲಾ ಅವರೂ ಹದಿನೇಳು ಲಕೋಟೆ ಮಾಡಿದ್ದರು. ಅಂದಿನ ರುಜುವೂ ಉಳಿದವುಗಳಂತೆಯೇ ನೆಟ್ಟಗಿತ್ತು. ಕೊನೆಯ ಅಕ್ಷರದ ಬಾಲವನ್ನು ಅವಳು ಎಂದಿನಂತೆ ಸ್ವಲ್ಪ ಉದ್ದ ಎಳೆದಿದ್ದಳು. ಟೂ ತ್ರೀ ಟೈಮ್ಸ್ ಎನ್ನುವುದು ನಾಲಿಗೆಯ ತುದಿಯಲ್ಲಿತ್ತು. ಪಕ್ಕದಲ್ಲಿ ಪುಟ್ಟಸ್ವಾಮಿಯ ಮಂಡಿ ಅಲ್ಲಾಡುತ್ತಿದ್ದದ್ದು ಸೋಫಾದ ಮೂಲಕ ಅವಳಿಗೆ ತಾಗುತ್ತಿತ್ತು.

"ಹೌದು. ನನ್ನದೇ," ಎಂದಳು.

ಮಂಡಿ ನಿಂತಿತು.

"ಈ ಪುಟದ್ದೆಲ್ಲ?"

"ಎಲ್ಲ ಪುಟದ್ದೂ. ಪುಸ್ತಕವೂ ನನ್ನದೇ. ನಾನೇ ಕೊಂಡದ್ದು."

ಹೆಂಗಸು ಬರೆದುಕೊಂಡಳು. ಗಂಡಸು ಹಾಳೆಯ ಮೇಲೆ ಬೆರಳಿಟ್ಟು, ಕೆಂಪಿನಲ್ಲಿರುವ ಈ ಎರಡು ಅಕ್ಷರ ಏನು, ಯಾರ ಹೆಸರಿನದ್ದು ಎಂದು ಕೇಳಿದ.

"ಕ್ಯಾಶುಯಲ್ ಲೀವ್. ರಜೆ."

"ಯಾರಿಂದ ರಜೆ ಪಡೆದಿರಿ?"

"ಯಾರಿಂದಲೂ ಇಲ್ಲ. ನಾನೇ ಬರೆದುಕೊಂಡೆ. ಮಗಳಿಗೆ ಜ್ವರ."

"ಸಂಬಳ ಎಷ್ಟು ಕೊಡುತ್ತಿದ್ದರು?"

"ಇಲ್ಲ. ಏನೂ ಇಲ್ಲ."

"ಸಂಬಳವಿಲ್ಲ, ಮೇಲಧಿಕಾರಿಯಿಲ್ಲ. ಮತ್ತೆ ರಜೆ ಯಾಕೆ ಬರೆದಿರಿ?"

ಅನುಸೂಯಾ ಇಂಗ್ಲಿಷಿನಲ್ಲಿ ಹುಡುಕಿದಳು. ಅಲ್ಲಿ ಸಿಗಲಿಲ್ಲ. ಕನ್ನಡದಲ್ಲಿ ಹುಡುಕಿದರೂ ಸಿಗಲಿಲ್ಲ. "ನಮ್ಮೂರಿನ ಆಸ್ಪತ್ರೆಯಲ್ಲಿ ಹನ್ನೆರಡು ವರ್ಷ ಹಾಗೇ ಬರೆದಿದ್ದೇನೆ, ಸರ್. ಬರೆಯದೆ ಕೆಲಸಕ್ಕೆ ಕೂತು ನನಗೆ ಅಭ್ಯಾಸವಿಲ್ಲ," ಎಂದಳು. ಹೇಳಿದ ಮೇಲೆ ಕೆಲಸ ಎಂಬ ಮಾತನ್ನು ತಾನೇ ಬಾಯಿ ಬಿಟ್ಟು ಆಡಿದೆನೆಂದು ಅವಳಿಗೆ ತಿಳಿಯಿತು. ಹೆಂಗಸಿನ ಪೆನ್ನು ಆ ಪದವನ್ನೂ ಬರೆದುಕೊಂಡು ಮುಂದಕ್ಕೆ ಹೋಯಿತು.

ಗಂಡಸು ಪುಟ್ಟಸ್ವಾಮಿಯ ಕಡೆ ತಿರುಗಿದ. "ನಿಮ್ಮ ಹೆಂಡತಿ ಅಲ್ಲಿಗೆ ಹೋಗುತ್ತಿದ್ದದ್ದು ನಿಮಗೆ ಗೊತ್ತಿತ್ತೇ?"

ಗೊತ್ತಿಲ್ಲ ಅನ್ನಿ, ಎಂದು ಅನುಸೂಯಾ ಮನಸ್ಸಿನಲ್ಲೇ ಬೇಡಿಕೊಂಡಳು. ಇಷ್ಟು ದಿನದಲ್ಲಿ ಅವಳು ದೇವರನ್ನೂ ಅಷ್ಟು ಬೇಡಿಕೊಂಡಿರಲಿಲ್ಲ. ನನ್ನದು ಹೇಗೂ ಆಯಿತು, ನೀವಾದರೂ ಉಳಿದುಕೊಳ್ಳಿ, ಶ್ರೇಯಾಗೆ ಒಬ್ಬರಾದರೂ ಇಲ್ಲಿ ಬೇಕು. ಒಂದು ಪದದ ಕೆಲಸ. ನೋ ಎಂದರೆ ಮುಗಿಯಿತು. ಅವಳು ಅವನ ಮುಖ ನೋಡಲಿಲ್ಲ. ನೋಡಿದರೆ ಅದೂ ಗುರುತಾದೀತೆಂದು ಮೇಜಿನ ಮೇಲಿನ ನೀರಿನ ಕಲೆಯನ್ನೇ ನೋಡುತ್ತಿದ್ದಳು.

ಪುಟ್ಟಸ್ವಾಮಿ ಸೋಫಾದ ಅಂಚಿಗೆ ಸರಿದು ಕುಳಿತ. 

"ಗೊತ್ತಿತ್ತು," ಎಂದ. "ಮೊದಲ ಮೂರು ತಿಂಗಳು ಇವಳಿಗೆ ಡ್ರೈವಿಂಗ್ ಬರುತ್ತಿರಲಿಲ್ಲ. ನಾನೇ ಬಿಡುತ್ತಿದ್ದೆ. ಸಂಜೆ ಕರೆತರುತ್ತಿದ್ದೆ." ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಒಂದು ಸಲ ಅವರ ಫ್ಯಾಕ್ಸ್ ಮೆಷಿನ್ ಕೆಟ್ಟಿತ್ತು, ಸರ್. ಅದನ್ನು ರಿಪೇರಿ ಮಾಡಿದ್ದು ನಾನು. ಅದನ್ನೂ ಬರೆದುಕೊಳ್ಳಿ."

ಹೆಂಗಸು ತಲೆಯೆತ್ತಿ ಅವನನ್ನು ನೋಡಿ, ಬರೆದುಕೊಂಡಳು.

ಅವರು ಹೊರಟಾಗ ಮೂರು ಗಂಟೆ. ಮತ್ತೆ ಬೇಕಾದರೆ ಕರೆಯುತ್ತೇವೆ, ಊರು ಬಿಟ್ಟು ಹೋಗುವುದಿದ್ದರೆ ತಿಳಿಸಿ ಎಂದು ಚೀಟಿಯಲ್ಲಿ ನಂಬರು ಬರೆದುಕೊಟ್ಟರು. ಒಳ್ಳೆಯದು ಕೆಟ್ಟದು ಎರಡನ್ನೂ ಅವರ ಮುಖ ಹೇಳಲಿಲ್ಲ. ಬಾಗಿಲು ಮುಚ್ಚಿದ ಮೇಲೆ ಅನುಸೂಯಾ ಗಂಡನ ಕೈ ಹಿಡಿದುಕೊಂಡಳು. 

"ಯಾಕ್ರೀ ಹಾಗಂದ್ರಿ?"

"ಸುಮ್ನಿರು," ಎಂದ ಪುಟ್ಟಸ್ವಾಮಿ. "ಅವ್ರು ಹೋಗ್ಲಿ ಮೊದ್ಲು."

ಅವರು ಹೋಗಲಿಲ್ಲ. ಕೆಳಗೆ ಪಾರ್ಕಿಂಗಿನಲ್ಲಿ ಕಾರಿನೊಳಗೆ ಕುಳಿತು ಹೆಂಗಸು ಇನ್ನೂ ಏನೋ ಬರೆಯುತ್ತಿದ್ದಳು, ಗಂಡಸು ಫೋನಿನಲ್ಲಿ ಮಾತಾಡುತ್ತಿದ್ದ. ಗಂಡ ಹೆಂಡತಿ ಕಿಟಕಿಯ ಪಕ್ಕ ಗೋಡೆಗೆ ಒತ್ತಿಕೊಂಡು ನಿಂತು ನೋಡಿದರು. ಐದು ನಿಮಿಷವಾಯಿತು, ಹತ್ತಾಯಿತು. ಆ ಹೊತ್ತಿಗೆ ಹಳದಿ ಸ್ಕೂಲ್ ಬಸ್ಸು ಗೇಟಿನ ಬಳಿ ಬಂದು ನಿಂತು ಶ್ರೇಯಾ ಇಳಿದಳು. ಒಂದು ಶೂವಿನ ಲೇಸು ಬಿಚ್ಚಿಕೊಂಡಿತ್ತು. ಅದನ್ನು ನೆಲಕ್ಕೆ ಎಳೆಯುತ್ತಾ, ಏನೋ ಹಾಡಿಕೊಳ್ಳುತ್ತಾ ಆ ಕಾರಿನ ಪಕ್ಕದಲ್ಲೇ ಬಂದಳು. ಕಾರಿನ ಕಿಟಕಿಯ ಗಾಜು ಇಳಿಯಿತು. ಗಂಡಸು ಏನೋ ಕೇಳಿದ. ಶ್ರೇಯಾ ನಿಂತು, ತಲೆ ವಾಲಿಸಿ ಕೇಳಿಸಿಕೊಂಡು, ಏನೋ ಉತ್ತರ ಹೇಳಿದಳು. ಆಮೇಲೆ ಕೈಯೆತ್ತಿ ನೇರವಾಗಿ ಅವರ ಮನೆಯ ಕಡೆಗೆ ಬೆರಳು ಮಾಡಿ ತೋರಿಸಿದಳು.

ಪುಟ್ಟಸ್ವಾಮಿ ಬಾಗಿಲು ತೆರೆದು ಮಗಳ ಕಡೆಗೆ ಮೆಟ್ಟಿಲಿಳಿದ. ಅನುಸೂಯಾ ಅವನ ಹಿಂದೆಯೇ ಇಳಿದಳು. ಅರ್ಧ ದಾರಿಯಲ್ಲಿ ಅವಳಿಗೆ ಫೆಬ್ರವರಿಯ ಸಿಮೆಂಟು ಅಂಗಾಲಿಗೆ ಕೊರೆಯಿತು. ಮುಂದೆ ಹೋಗುತ್ತಿದ್ದ ಗಂಡನ ಕಾಲಲ್ಲೂ ಚಪ್ಪಲಿ ಇರಲಿಲ್ಲ.